ಡೊಳ್ಳಿನವನ ಬಗ್ಗೆ ಸಿದ್ರಾಯನ ಅಭಿಪ್ರಾಯ

ಗೋಕಾಕದ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಚಷ್ಮಾದ ಅಂಗಡಿ ಇಟ್ಟುಕೊಂಡಿರುವ ಸಿದ್ರಾಯನಿಗೆ ಅರ್ಧ ಊರಿನ ಕಣ್ಣಿನ ನಂಬರು ಬಾಯಿಪಾಠ. ಆದರೆ ಅವನ ಜೀವ ಇರುವುದು ಕಿವಿಯಲ್ಲಿ. ರಾಕ್ ಸಂಗೀತ ಎಂದರೆ ಪ್ರಾಣ ಬಿಡುತ್ತಾನೆ. ತನ್ನದೊಂದೇ ಬಿಟ್ಟರೆ ಪರವಾಗಿರಲಿಲ್ಲ, ಎದುರಿಗೆ ಸಿಕ್ಕವರ ಪ್ರಾಣವನ್ನೂ ತಿನ್ನುತ್ತಾನೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಯಾವುದೋ ತಂಡ ಹೊಸ ಆಲ್ಬಮ್ ಬಿಟ್ಟಿತೆಂದರೆ, ಮರುದಿನ ಅಂಗಡಿಗೆ ಬಂದ ಗಿರಾಕಿ ಫ್ರೇಮು ಆರಿಸುವ ಮೊದಲು ಅದರ ಬಗ್ಗೆ ಸಿದ್ರಾಯನ ಅಭಿಪ್ರಾಯ ಕೇಳಿಸಿಕೊಳ್ಳಲೇಬೇಕು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗದ್ದ ಎತ್ತಿ ಕೂತವರು ಎದ್ದು ಹೋಗುವುದಾದರೂ ಎಲ್ಲಿಗೆ?

ಅಭಿಪ್ರಾಯಗಳಿಗೆ ಬರವಿರಲಿಲ್ಲ. ಈಗಿನ ಆಲ್ಬಮ್‌ಗಳಲ್ಲಿ ಎಲ್ಲ ವಾದ್ಯಗಳೂ ಒಂದೇ ಎತ್ತರದಲ್ಲಿ ಕೂಗುತ್ತವೆ, ಸಂತೆಯಲ್ಲಿ ನಿಂತಂತಾಗುತ್ತದೆ. ಜಗಳಾಡಿ ಬೇರೆಯಾಗಿದ್ದ ಹಳೆಯ ತಂಡಗಳು ಮುಪ್ಪಿನಲ್ಲಿ ಮತ್ತೆ ಒಂದಾಗುವುದು ಹಾಡಿನ ಮೇಲಿನ ಪ್ರೀತಿಗಲ್ಲ. ಯಾವುದೇ ಆಲ್ಬಮ್ಮಿನ ಒಳ್ಳೆಯ ಹಾಡು ಕೊನೆಯದಲ್ಲ, ಕೊನೆಯದಕ್ಕಿಂತ ಹಿಂದಿನದು. ಇವನ್ನೆಲ್ಲ ‘ಸಿದ್ರಾಯನ ಖರೆ ಮಾತು’ ಎಂಬ ಯೂಟ್ಯೂಬ್ ಚಾನೆಲ್ಲಿನಲ್ಲಿ ವಾರಕ್ಕೊಮ್ಮೆ ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತಿದ್ದ. ನೋಡುವವರು ಬೆರಳೆಣಿಕೆಯಷ್ಟು. ಆದರೆ ಇಡೀ ಜಗತ್ತು ಕಿವಿಗೊಟ್ಟು ಕೂತಿದೆ ಎನ್ನುವ ಹಾಗೆ ಮಾತಾಡುತ್ತಿದ್ದ.

ಪ್ರಶಸ್ತಿ ಸಮಾರಂಭಗಳ ಹೆಸರೆತ್ತಿದರೆ ಮುಗಿದೇ ಹೋಯಿತು. ಅಮೆರಿಕದ ದೊಡ್ಡ ಸಮಾರಂಭ ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ ನಡೆಯುತ್ತದೆ. ಅಂದು ಅಂಗಡಿ ತೆರೆಯುವುದು ತಡ. ಒಮ್ಮೆ ರಾಕ್‌ನ ಪ್ರಶಸ್ತಿಗಳನ್ನು ಮುಖ್ಯ ಕಾರ್ಯಕ್ರಮಕ್ಕೆ ಮೊದಲೇ ಹಂಚಿ ಮುಗಿಸಿದರೆಂದು ತಿಳಿದು ಅವನಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

“ಬೀಗರನ್ನ ಕರದು, ಹಿತ್ತಲದಾಗ ಊಟಕ್ಕ ಕುಂದರಿಸಿಧಂಗಾತು!” ಎಂದು ಹೆಂಡತಿ ಅನ್ನಪೂರ್ಣಾಳ ಮುಂದೆ ಕೂಗಾಡಿದ.

“ಊಟಾ ಆದ್ರೂ ಹಾಕ್ಯಾರಲ್ರಿ, ಬಿಡ್ರಿ” ಎಂದಳು ಅವಳು. ಅಂಗಡಿಯ ಮೇಲಿನ ಮನೆಯಲ್ಲಿ ಹೊಲಿಗೆ ಕಲಿಸುವ ಅನ್ನಪೂರ್ಣಾಗೆ ಗಂಡನ ಸಂಗೀತ ಅರ್ಥವಾಗುತ್ತಿರಲಿಲ್ಲ, ಗಂಡ ಅರ್ಥವಾಗುತ್ತಿದ್ದ.

ಇಂಥವನ ಪಾಲಿಗೆ ಈ ವರ್ಷ ಒಂದು ಪರೀಕ್ಷೆ ಬಂತು. ಹುಕ್ಕೇರಿಯಲ್ಲಿ ವಿಜಯಲಕ್ಷ್ಮಿ ಎಂಬ ಹುಡುಗಿ ಗೆಳೆಯರನ್ನು ಕಟ್ಟಿಕೊಂಡು ‘ಕರಿಕಂಬಳಿ’ ಎನ್ನುವ ರಾಕ್ ತಂಡ ಮಾಡಿದ್ದಳು. ಗಿಟಾರು ಅವಳದೇ, ದನಿಯೂ ಅವಳದೇ. ಮೂಡಲಗಿ ಹತ್ತಿರದ ನಾಗನೂರಿನಲ್ಲಿ ಒಂದು ಮದುವೆಗೆ ಹೋದಾಗ ಮೆರವಣಿಗೆಯ ಮುಂದೆ ಡೊಳ್ಳು ಬಾರಿಸುತ್ತಿದ್ದ ಹಿರಿಯರೊಬ್ಬರನ್ನು ಕಂಡಳು. ಊಟಕ್ಕೂ ಹೋಗದೆ ಅವರ ಹಿಂದೆಯೇ ತಿರುಗಿದಳು. ಕೊನೆಗೆ ಹುಕ್ಕೇರಿಗೆ ಕರೆದುಕೊಂಡು ಹೋಗಿ, ಗೋಡೆಗೆಲ್ಲ ಕಂಬಳಿ ಬಡಿದ ಒಂದು ಖೋಲಿಯಲ್ಲಿ ತಮ್ಮ ಹಾಡುಗಳಿಗೆ ಅವರಿಂದ ಡೊಳ್ಳು ಹೊಡೆಸಿ ಆಲ್ಬಮ್ ಮಾಡಿದಳು. ಆ ಹಿರಿಯರು ಭೀಮಶಿ. ಅನ್ನಪೂರ್ಣಾಳ ತಂದೆ, ಸಿದ್ರಾಯನ ಮಾವ.

ಅನ್ನಪೂರ್ಣಾ ಹಿಗ್ಗಿದಳು. ಸಿದ್ರಾಯ ಬೆವತ. ಬೀಗರು, ಗೆಳೆಯರು, ಗಿರಾಕಿಗಳು ಯಾರನ್ನೂ ಚಾನೆಲ್ಲಿನಲ್ಲಿ ಹೊಗಳುವುದಿಲ್ಲ ಎಂದು ಅವನೇ ಹಾಕಿಕೊಂಡ ನೇಮವಿತ್ತು. ಹಾಗೆಂದು ನಮ್ಮ ಸೀಮೆಯ ಮೊದಲ ರಾಕ್ ಆಲ್ಬಮ್ ಬಂದಾಗ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಅಂಗಡಿಯ ಬಾಗಿಲು ಎಳೆದುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿ ಕೂತ. ಮೊದಲ ಹಾಡಿನಲ್ಲಿ ಗಿಟಾರಿನ ಕೆಳಗಿನಿಂದ ಡೊಳ್ಳು ಎದ್ದು ಬಂದಾಗ ಅವನ ಕಣ್ಣಲ್ಲಿ ನೀರು ತುಂಬಿತು. ವರ್ಷಗಟ್ಟಲೆ ಪರದೇಶದ ಡ್ರಮ್ಮುಗಳಲ್ಲಿ ತಾನು ಹುಡುಕುತ್ತಿದ್ದುದು ಹೆಂಡತಿಯ ತವರಿನ ಜಂತಿಗೆ ತೂಗುಬಿದ್ದಿತ್ತಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಶುಕ್ರವಾರ ಚಾನೆಲ್ಲಿನಲ್ಲಿ ಅಭಿಪ್ರಾಯ ಹೇಳಿದ. ಹೆಸರು ಹೇಳಲಿಲ್ಲ, ಸಂಬಂಧ ಹೇಳಲಿಲ್ಲ. ಉತ್ಸಾಹ ತಡೆಯಲಾರದೆ ಕೈ ಎತ್ತಿ, “ಆ ಡೊಳ್ಳಿನ್ಯಾಂವ ಹಾಡಿಗೆ ಬೆಂಕಿ ಹಚ್ಚ್ಯಾನ್ರಿ, ಬೆಂಕಿ! ಬಾಜೂಕಿನವರೆಲ್ಲಾ ಬೂದಿ!” ಎಂದ.

ಅದಾದ ಮೇಲೆ ಒಂದು ಮಧ್ಯಾಹ್ನ ವಿಜಯಲಕ್ಷ್ಮಿ ಹುಕ್ಕೇರಿಯಿಂದ ಅಂಗಡಿಗೇ ಬಂದಳು. ಹೊಗಳಿದ್ದಕ್ಕೆ ಥ್ಯಾಂಕ್ಸ್ ಹೇಳಲು ಬಂದಿದ್ದಾಳೆ ಎಂದುಕೊಂಡ ಸಿದ್ರಾಯ ಚಹಾ ತರಿಸಿದ. ಅವಳು ಲೋಟ ಮುಟ್ಟಲಿಲ್ಲ.

“ಅಣ್ಣಾರ, ‘ಹೊಸ ದನಿ’ ಪ್ರಶಸ್ತಿಯ ಕೊನೀ ಸುತ್ತಿಗೆ ನಮ್ಮನ್ನ ಆರಿಸ್ಯಾರ. ಬರೋ ಐತವಾರ ಹುಕ್ಕೇರ್ಯಾಗ ಕಾರ್ಯಕ್ರಮ. ಮಂದಿ ಮುಂದ ಬಾರಿಸಬೇಕು. ಆದ್ರ ನಿಮ್ಮ ಮಾವಾರು, ಭೀಮಶಿ ಕಾಕಾ, ವಲ್ಲೆ ಅಂತಾರ್ರಿ.”

“ವಲ್ಲೆ ಅಂತಾರಾ? ಯಾಕ?”

“ಕೈ ನೋಯತಾವ ಅಂತಾರ. ಖರೆ ಅನಿಸಲಿಲ್ರಿ ನನಗ. ಡೊಳ್ಳಿನ ಹಗ್ಗಾ ಸಡ್ಲ ಮಾಡಿ ಇಟ್ಟಾರ. ‘ಇನ್ನ ಮ್ಯಾಲ ನಾ ಬಾರಸೂದಿಲ್ಲವಾ, ನಮ್ಮೂರಾಗ ಇನ್ನೊಬ್ಬ ಡೊಳ್ಳಿನ್ಯಾಂವ ಅದಾನ, ಗುಡ್ಡಪ್ಪ, ಅವಗ ಕೇಳು’ ಅಂದ್ರು.” “ನಮ್ಮದೇನರ ತಪ್ಪಾಗೇತೇನ್ರಿ ಅಣ್ಣಾರ?”

ಹಗ್ಗ ಸಡಿಲ ಮಾಡಿದರು ಎಂದ ಕೂಡಲೆ ಸಿದ್ರಾಯ ತನ್ನ ಲೋಟ ಕೆಳಗಿಟ್ಟ. ಡೊಳ್ಳಿನ ಎರಡೂ ಮೈಯ ತೊಗಲನ್ನು ಬಿಗಿಹಿಡಿಯುವುದು ಆ ಹಗ್ಗ. ಮಾವ ಪ್ರತಿದಿನ ಕುರಿಗಳನ್ನು ದೊಡ್ಡಿಗೆ ಹೊಡೆದ ಮೇಲೆ ಅದನ್ನೊಮ್ಮೆ ಮುಟ್ಟಿ ನೋಡಿಯೇ ಕೈಕಾಲು ತೊಳೆಯುವವರು. ಮೇಲಿನಿಂದ ಇಳಿದು ಬಂದ ಅನ್ನಪೂರ್ಣಾ ಎಲ್ಲ ಕೇಳಿಸಿಕೊಂಡು ತಾಯಿಗೆ ಫೋನು ಹಚ್ಚಿದಳು. ತಾಯಿ ಹಣಮವ್ವ ಸರಿಯಾಗಿ ಏನೂ ಹೇಳಲಿಲ್ಲ. “ಬಂದ ಹೋಗವಾ, ನಿಮ್ಮಪ್ಪ ಮಂಕಾಗ್ಯಾನ” ಎಂದಷ್ಟೇ ಹೇಳಿದಳು.

ಮರುದಿನವೇ ಗಂಡಹೆಂಡತಿ ನಾಗನೂರಿಗೆ ಹೊರಟರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮೋಟರ್ ಸೈಕಲ್ಲು ತೆವಳುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಅಳಿಯ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಮನುಷ್ಯರಿಗಿಂತ ಎರಡು ಮೆಟ್ಟಿಲು ಮೇಲೆ. ಮಾವನಾದವನು ಅಳಿಯನಿಗೆ ‘ರಿ’ ಬಿಟ್ಟು ಮಾತಾಡುವುದಿಲ್ಲ, ಎದುರಾಡುವುದಿಲ್ಲ, ತನ್ನ ನೋವು ಹೇಳಿಕೊಳ್ಳುವುದಂತೂ ಇಲ್ಲವೇ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಭೀಮಶಿ ಮತ್ತು ಸಿದ್ರಾಯ ಮಳೆ ಬೆಳೆ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದ ಸಿದ್ರಾಯನಿಗೆ ಆ ಮನೆಯ ಕಟ್ಟೆಯ ಮೇಲೆ ಮಾವನ ಪಕ್ಕ ಸುಮ್ಮನೆ ಕೂರುವ ಆಸೆಯಿತ್ತು. ಆದರೆ ಅವನು ಹೋದ ಕೂಡಲೆ ಮಾವ ಎದ್ದು ನಿಲ್ಲುತ್ತಿದ್ದರು.

ಅಂದೂ ಎದ್ದು ನಿಂತರು. “ಬರ್ರಿ ಅಳಿಯಂದ್ರ, ಬರ್ರಿ. ಆರಾಮ ಅದೀರಿಲ್ರಿ?” ಕೈಯಾರೆ ನೀರು ತಂದುಕೊಟ್ಟು ಹೊಸ ಕಂಬಳಿ ಹಾಸಿದರು. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ. ಮುಖದಲ್ಲಿ ಮಾತ್ರ ಜೀವವಿರಲಿಲ್ಲ.

“ಕೈ ನೋಯತಾವಂತಲ್ರಿ ಮಾವಾರ?” ಎಂದು ಸಿದ್ರಾಯ ಕೇಳಿದ.

“ವಯಸ್ಸಾತ್ರಿ” ಎಂದು ಮಾವ ಅಂಗಳದ ಕಡೆ ನೋಡಿದರು.

ಒಳಗಿನಿಂದ ಹಣಮವ್ವನಿಗೆ ತಡೆಯಲಾಗಲಿಲ್ಲ. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅಳಿಯನ ಮುಂದೆ ಸೆರಗು ಸರಿಪಡಿಸಿಕೊಂಡು ಮಗಳಿಗೆ ಹೇಳಿದಳು: “ಕೈ ಅಲ್ಲವಾ, ಮನಸ ನೋಯತೈತಿ. ಆ ಗುಡ್ಡಪ್ಪ ಹೊಟೇಲನ್ಯಾಗ ಎಲ್ಲಾರ ಮುಂದ ಫೋನ್ ಹಚ್ಚಿ ಕೇಳಸ್ಯಾನ. ಅಳಿಯಂದ್ರ ದನಿ, ಇವರ ಕಿವೀಲೇ ಕೇಳ್ಯಾರ. ‘ಡೊಳ್ಳಿನ್ಯಾಂವ ಹಾಡಿಗೆ ಬೆಂಕಿ ಹಚ್ಚ್ಯಾನ, ಎಲ್ಲಾರ್ನೂ ಬೂದಿ ಮಾಡ್ಯಾನ’ ಅಂತ. ಅವತ್ತಿಂದ ತುತ್ತು ಸೇರವಲ್ದು.”

“ಸುಮ್ನಿರ” ಎಂದರು ಭೀಮಶಿ. ಆಮೇಲೆ ಅಳಿಯನ ಕಡೆ ತಿರುಗಿ, ತಪ್ಪು ತಮ್ಮದೇ ಎನ್ನುವ ಹಾಗೆ ಮೆಲ್ಲಗೆ ಹೇಳಿದರು: “ನೀವು ತಿಳದವರು. ದೇಶದೇಶದ್ದು ಕೇಳಿದವರು. ಖರೇನ ಹೇಳಿರಿ, ಅದಕ್ಕ ನನಗ ಸಿಟ್ಟಿಲ್ರಿ. ನನ್ನ ಮಾನಾ ಹೋದ್ರ ಹೋಗಲಿ. ಆದ್ರ ಆ ಹುಡುಗೂರು ಹೊಟ್ಟಿ ಕಟ್ಟಿ ಮಾಡಿದ ಹಾಡು, ಅದನ್ನ ನಾ ಸುಟ್ಟೆನಲ್ಲಾ ಅನ್ನೂದ ಸಂಕಟ.”

ಸಿದ್ರಾಯನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗೋಕಾಕದ ಹುಡುಗರ ಬಾಯಲ್ಲಿ ‘ಬೆಂಕಿ’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಭೀಮಶಿಯ ಓರಗೆಯವರಿಗೆ ಬೆಂಕಿ ಹಚ್ಚುವವನು ಎಂದರೆ ಮನೆ ಮುರಿಯುವವನು, ಬಣವಿ ಸುಡುವವನು. ಒಂದೇ ಮಾತು, ಒಂದೇ ಮನೆ, ನಡುವೆ ಒಂದು ತಲೆಮಾರು. ಅನ್ನಪೂರ್ಣಾಗೆ ಮೊದಲು ನಗು ಬಂತು. ತಂದೆಯ ಮುಖ ನೋಡಿದ ಮೇಲೆ ಅದೇ ನಗು ಅಳುವಾಯಿತು.

“ಅಪ್ಪಾ, ಬೆಂಕಿ ಅಂದ್ರ ಈಗ ಭಾರಿ ಅಂತಪಾ! ಮಸ್ತ್ ಅಂತ! ಹೊಗಳ್ಯಾರ ಅವರು!”

“ಹೌದ್ರಿ ಮಾವಾರ, ನಿಮ್ಮಾಣಿ” ಎಂದು ಸಿದ್ರಾಯ ಎದ್ದೇ ನಿಂತ. “ನಿಮ್ಮಷ್ಟ ಚಲೋ ಯಾರೂ ಬಾರಿಸಿಲ್ಲ ಅಂತ ಹೇಳಿದ್ದು ನಾ.”

ಭೀಮಶಿ ನಕ್ಕರು. ನಂಬಿದ ನಗುವಲ್ಲ ಅದು. ಮನೆಗೆ ಬಂದ ಅಳಿಯ ಮಾವನ ಮನಸ್ಸು ಉಳಿಸಲು ಎರಡು ಸಿಹಿ ಮಾತಾಡುತ್ತಾನೆ, ಮಗಳು ಗಂಡನ ಮಾನ ಕಾಯುತ್ತಾಳೆ, ಇದು ಯಾರಿಗೆ ಗೊತ್ತಿಲ್ಲ? “ಇರಲಿ ಬಿಡ್ರಿ. ನೀವು ದೊಡ್ಡ ಮನಸ್ಸಿನವರು. ಊಟಕ್ಕ ಏಳ್ರಿ” ಎಂದರು.

ಊಟಕ್ಕೆ ಕೂತರೂ ಸಿದ್ರಾಯನಿಗೆ ರೊಟ್ಟಿ ಇಳಿಯಲಿಲ್ಲ. ಬೈದದ್ದನ್ನು ತಟ್ಟನೆ ನಂಬಿದವರು ಹೊಗಳಿದ್ದನ್ನು ನಂಬುತ್ತಿಲ್ಲ. ಇನ್ನಷ್ಟು ಹೊಗಳಿದರೆ ಇನ್ನಷ್ಟು ಸುಳ್ಳಾಗುತ್ತದೆ. ಹೀಗೇ ಬಿಟ್ಟು ಹೋದರೆ ಆ ಹಗ್ಗವನ್ನು ಯಾರೂ ಮತ್ತೆ ಬಿಗಿಯುವುದಿಲ್ಲ. ಇಷ್ಟು ಮಾತ್ರ ಅವನಿಗೆ ಖಚಿತವಾಗಿತ್ತು. ಅಷ್ಟರಲ್ಲಿ ಚಾನೆಲ್ಲಿನ ಸಿದ್ರಾಯ ಒಳಗಿನಿಂದ ತಿವಿದ. ಅವನು ಕೈ ತೊಳೆದು ಬಂದು, ಮಾವ ಹಾಸಿದ್ದ ಕಂಬಳಿ ಬಿಟ್ಟು ಅವರೆದುರು ಬರೀ ನೆಲಕ್ಕೆ ಕೂತ.

“ಮಾವಾರ, ಒಂದ ಖರೆ ಮಾತ ಹೇಳತೇನಿ. ಸಿಟ್ಟಾಗಬ್ಯಾಡ್ರಿ.”

“ಹೇಳ್ರಿ.”

“ನಾಕನೇ ಹಾಡಿನ್ಯಾಗ ನೀವು ತಪ್ಪೀರಿ.”

ಬಾಗಿಲಲ್ಲಿ ನಿಂತಿದ್ದ ಹಣಮವ್ವ ಬಾಯಿಗೆ ಸೆರಗು ಹಚ್ಚಿದಳು. “ಅಯ್ಯ ಶಿವನ” ಎಂದದ್ದು ಎಲ್ಲರಿಗೂ ಕೇಳಿಸಿತು. ಅನ್ನಪೂರ್ಣಾ ಗಂಡನನ್ನು ನುಂಗುವ ಹಾಗೆ ನೋಡಿದಳು. ಸಿದ್ರಾಯ ನಿಲ್ಲಿಸಲಿಲ್ಲ.

“ನಡುವ ಗಿಟಾರ ಒಮ್ಮೆಲೇ ನಿಂದರತೈತಿ. ಎಲ್ಲಾ ಗಪ್‌ಚುಪ್. ಅಲ್ಲಿ ಉಸರು ತಗೊಂಡು ನೀವು ಬರಬೇಕಿತ್ತು. ನೀವು ಒಂದ ಪೆಟ್ಟ ಮದಲ ಬಂದ್ರಿ. ಆ ಹುಡುಗಿ ಗಡಬಡಿಸಿ ನಿಮ್ಮ ಬೆನ್ನಹತ್ತಿ ಓಡಿ ಬಂದಾಳ.”

ಭೀಮಶಿ ತಲೆ ಎತ್ತಿ ಅಳಿಯನ ಮುಖ ನೋಡಿದರು. ಅವರ ಮುಖದ ಮೇಲೆ ದಿನಗಟ್ಟಲೆ ಕೂತಿದ್ದ ಮಂಕು ಸರಿಯತೊಡಗಿತು.

“ನಿಮಗ ಅದು ಕೇಳಿಸ್ತ್ರಿ?”

“ಮದಲನೇ ಸಲಾನ ಕೇಳಿಸ್ತ್ರಿ.”

“ಆ ಖೋಲ್ಯಾಗ ಯಾರಿಗೂ ಕೇಳಿಸಲಿಲ್ಲ” ಎಂದರು ಭೀಮಶಿ. “ಭಾಳ ಚಲೋ ಆತ ಕಾಕಾ ಅಂದ್ರು ಎಲ್ಲಾರೂ. ಇನ್ನೊಮ್ಮೆ ಬಾರಸೂಣು ಅಂತ ನಾನೂ ಅನ್ನಲಿಲ್ಲ, ಹುಡುಗೂರು ದಣದಿದ್ರು. ಅವತ್ತಿಂದ ಅದ ಒಂದ ಪೆಟ್ಟ ನನ್ನ ಎದ್ಯಾಗ ಕಡ್ಯಾಕತ್ತೈತಿ. ನೀವು ಬೆಂಕಿ ಅಂದಾಗ, ಸಿಕ್ಕಬಿದ್ದೆ ಅಂದ್ಕೊಂಡೆ.”

“ನಾ ಬೆಂಕಿ ಅಂದದ್ದು ಮದಲನೇ ಹಾಡಿಗ್ರಿ. ನಾಕನೇದರ ಮಾತ ಆಡಲಿಲ್ಲ. ಅದು ನಾ ಮಾಡಿದ್ದ ತಪ್ಪು, ಖರೆ ಮಾತು ಅಂತ ಹೆಸರಿಟಗೊಂಡು.”

“ಮದಲನೇ ಹಾಡು...” ಮಾವ ಸಾಲಿಯ ಹುಡುಗ ಮಾಸ್ತರರನ್ನು ಕೇಳಿದಂತೆ ಕೇಳಿದರು, “ಅದು ಹೆಂಗಾಗೇತ್ರಿ?”

“ಅದನ್ನ ಕೇಳಿ ಅಂಗಡಿ ಬಾಗಲಾ ಹಾಕ್ಕೊಂಡು ಅತ್ತೇನ್ರಿ” ಎಂದ ಸಿದ್ರಾಯ. “ಮಾವಾರು ಅಂತ ಹೇಳಿದ್ರ ಮಂದಿ ನಂಬೂದಿಲ್ಲ ಅಂತ ‘ಆಂವ’ ಅಂದೆ. ಅದಕ್ಕ ಕಾಲ ಬೀಳತೇನಿ.”

ಬಾಗಿದವನ ತೋಳು ಹಿಡಿದು ಭೀಮಶಿ ತಡೆದರು. ಈ ಸಲ ಅವರು ನಂಬಿದ್ದರು. ತಪ್ಪು ಹುಡುಕುವ ಕಿವಿಯೇ ಚೆಂದವನ್ನೂ ಕೇಳಿಸಿಕೊಂಡಿದೆ ಎಂದ ಮೇಲೆ ನಂಬದೆ ಇರುವುದು ಹೇಗೆ? ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಜಂತಿಯಿಂದ ಡೊಳ್ಳು ಇಳಿಸುವ ಸದ್ದು ಕೇಳಿಸಿತು. ಹೊರಗೆ ತಂದು ಅಳಿಯನ ಮುಂದಿಟ್ಟು, “ಆ ಕಡಿ ಹಿಡೀರಿ” ಎಂದರು. ಇಬ್ಬರೂ ಕಾಲು ಕೊಟ್ಟು ಹಗ್ಗ ಜಗ್ಗಿದರು. ಸಿದ್ರಾಯನ ಅಂಗೈಗೆ ಬೊಬ್ಬೆ ಬಂತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ.

ಭಾನುವಾರ ಸಂಜೆ ಹುಕ್ಕೇರಿಯ ಕಲ್ಯಾಣ ಮಂಟಪದಲ್ಲಿ ‘ಹೊಸ ದನಿ’ ಸಮಾರಂಭ. ಅಮೆರಿಕದ್ದಾಗಲಿ ಹುಕ್ಕೇರಿಯದ್ದಾಗಲಿ, ಪ್ರಶಸ್ತಿ ಸಮಾರಂಭಗಳ ಜಾತಿ ಒಂದೇ ಎನ್ನುವುದು ಸಿದ್ರಾಯನ ಅಭಿಪ್ರಾಯ. ಅದು ಅಂದು ಸುಳ್ಳಾಗಲಿಲ್ಲ. ಅತಿಥಿಗಳು ಬಂದರು, ಅತಿಥಿಗಳನ್ನು ಕರೆತಂದವರು ಬಂದರು. ಎಲ್ಲರಿಗೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಯುವಷ್ಟರಲ್ಲಿ ಹಾಡುವವರ ಹೊತ್ತು ಕರಗಿಹೋಯಿತು. ಒಂದೊಂದು ತಂಡಕ್ಕೆ ಒಂದೇ ಹಾಡು ಎಂದು ನಿರೂಪಕ ಸಾರಿದ.

ಯಾವ ಹಾಡು ಎಂದು ವಿಜಯಲಕ್ಷ್ಮಿ ಕೇಳುವ ಮೊದಲೇ ಭೀಮಶಿ ಹೇಳಿದರು: “ನಾಕನೇದ್ದು.”

ಹಾಡು ಶುರುವಾಯಿತು. ಮುಂದಿನ ಸೋಫಾದ ಅತಿಥಿಗಳು ಮೊದಲು ಕಿವಿ ಮುಚ್ಚಿಕೊಂಡರು, ಆಮೇಲೆ ಕಾಲು ಕುಣಿಸತೊಡಗಿದರು. ನಡುವೆ ಗಿಟಾರು ಒಮ್ಮೆಲೆ ನಿಂತಿತು. ಇಡೀ ಮಂಟಪ ಮೌನವಾಯಿತು. ಭೀಮಶಿ ಕೋಲೆತ್ತಿ ನಿಂತರು. ಸಿದ್ರಾಯ ಅನ್ನಪೂರ್ಣಾಳ ಕೈ ಗಟ್ಟಿಯಾಗಿ ಹಿಡಿದ. ಮಾವ ಆತುರಪಡಲಿಲ್ಲ. ತುಂಬು ಉಸಿರು ತೆಗೆದುಕೊಂಡು, ಹುಡುಗಿಯ ಕಡೆ ನೋಡಿ, ಅವಳು ಕಣ್ಣಲ್ಲೇ ಹೂಂ ಎಂದ ಮೇಲೆ ಪೆಟ್ಟು ಹಾಕಿದರು. ಅದು ಬೀಳಬೇಕಾದಲ್ಲೇ ಬಿತ್ತು. ಜನ ಕೂಗಿ ಎದ್ದು ನಿಂತರು. ಹಣಮವ್ವ ಮೊದಲ ಬಾರಿಗೆ ಗಂಡನಿಗೆ ಚಪ್ಪಾಳೆ ತಟ್ಟಿದಳು.

ಪ್ರಶಸ್ತಿ ಬರಲಿಲ್ಲ. ಯಾರದೋ ಮದುವೆಯ ಡೀಜೆ ಹಾಡಿಗೆ ಹೋಯಿತು. ಆ ಹಾಡಿನವನು ಸಮಾರಂಭಕ್ಕೆ ಬಂದೂ ಇರಲಿಲ್ಲ, ಅವನ ಪರವಾಗಿ ಇನ್ನಾರೋ ತೆಗೆದುಕೊಂಡ.

ಮಂಟಪದ ಹೊರಗೆ ಮೆಟ್ಟಿಲ ಮೇಲೆ ಎಲ್ಲರೂ ಕೂತಿದ್ದರು. ವಿಜಯಲಕ್ಷ್ಮಿ ಗಿಟಾರಿನ ಚೀಲ ಮಡಿಲಲ್ಲಿಟ್ಟುಕೊಂಡಿದ್ದಳು. ಇಂಥ ಅನ್ಯಾಯಕ್ಕೆ ಮೊದಲು ಸಿಡಿಯಬೇಕಾದವನು ಸಿದ್ರಾಯ. ಆದರೆ ಅವನ ಕಿವಿಯಲ್ಲಿ ಇನ್ನೂ ಆ ಒಂದು ಪೆಟ್ಟು ತುಂಬಿತ್ತು. ಸಿಡಿದವರು ಭೀಮಶಿ.

“ಹಾಡಾಕ ಬಂದವರಿಗೆ ಒಂದ ಹಾಡು, ಕುಂದರಾಕ ಬಂದವರಿಗೆ ಶಾಲು! ಇದ್ಯಾವ ನ್ಯಾಯ? ಬಾರದವಗ ಕೊಟ್ಟಾರಲ್ಲಾ, ಆಂವ ಬಾರಿಸಿದ್ದ ಯಾರ ಕೇಳಿದ್ರು?” ಎಂದು ಕೈ ಬೀಸಿ ಅಳಿಯನ ಕಡೆ ತಿರುಗಿದರು. “ಏ ಸಿದ್ರಾಯಾ! ಸುಮ್ಮ ಯಾಕ ಕುಂತೀಯೋ ಹುಚ್ಚಪ್ಪಾ? ಊರಿಗೆಲ್ಲಾ ಹೇಳಾಂವ ನೀ, ಇವತ್ತ ಬಾಯಿಗೆ ಏನಾತು? ತಗಿ ಫೋನು!”

ಅನ್ನಪೂರ್ಣಾ ನಾಲಿಗೆ ಕಚ್ಚಿಕೊಂಡಳು. ಹಣಮವ್ವ ಗಂಡನ ಅಂಗಿ ಜಗ್ಗಿದಳು. ‘ರಿ’ ಎಲ್ಲಿ ಬಿದ್ದುಹೋಯಿತೋ ಭೀಮಶಿಗೆ ಗೊತ್ತೇ ಆಗಿರಲಿಲ್ಲ. ಸಿದ್ರಾಯನಿಗೆ ಗೊತ್ತಾಗಿತ್ತು. ತಂದೆ ಹೋದ ಮೇಲೆ ಅವನನ್ನು ಹೀಗೆ ಯಾರೂ ಬೈದಿರಲಿಲ್ಲ. ಫೋನು ತೆಗೆಯುವ ನೆಪದಲ್ಲಿ ಮುಖ ಅತ್ತ ತಿರುಗಿಸಿ ಕಣ್ಣೊರೆಸಿಕೊಂಡ. ಆಮೇಲೆ ಬಂದು, ಮಾವ ಕೂತಿದ್ದ ಮೆಟ್ಟಿಲ ಮೇಲೇ ಅವರಿಗೆ ಅಂಟಿಕೊಂಡು ಕೂತ. ಭೀಮಶಿ ಏಳಲಿಲ್ಲ. ತುಸು ಸರಿದು ಜಾಗ ಕೊಟ್ಟರು.

“ಇವತ್ತ ನೀವ ಹೇಳ್ರಿ ಮಾವಾರ” ಎಂದು ಫೋನನ್ನು ಅವರ ಮುಂದೆ ಹಿಡಿದ.

“ನಾ ಏನ ಹೇಳ್ಲೋ?”

“ನಿಮಗ ಅನಿಸಿದ್ದು.”

ಭೀಮಶಿ ತಲೆಯ ಪಟಗ ಸರಿಮಾಡಿಕೊಂಡು ಹೇಳಿದರು. ಗಿಟಾರಿನವಳ ಕೈ ಚಲೋ ಐತಿ, ಆದರೆ ಅವಸರ ಭಾಳ ಎಂದರು. ಲೈಟು ಕಣ್ಣಿಗೆ ಬಿಟ್ಟರೆ ಬಾರಿಸುವವನಿಗೆ ಏನು ಕಾಣುತ್ತದೆ ಎಂದು ಕೇಳಿದರು. ನಿರೂಪಕನ ನಾಲಿಗೆಗೆ ಯಾರಾದರೂ ಹಗ್ಗ ಕಟ್ಟಬೇಕೆಂದರು. ವಿಜಯಲಕ್ಷ್ಮಿಗೆ ನಗು ಬಂತು. ಸಿದ್ರಾಯ ಆ ವಾರದ ವೀಡಿಯೋದಲ್ಲಿ ತನ್ನದೊಂದು ಅಭಿಪ್ರಾಯವನ್ನೂ ಸೇರಿಸಲಿಲ್ಲ. “ಇವರು ನಮ್ಮ ಮಾವಾರು, ಭೀಮಶಿ ಅಂತ” ಎಂದು ಮೊದಲಿಗೆ ಹೇಳಿ, ಉಳಿದದ್ದನ್ನು ಅವರಿಗೇ ಬಿಟ್ಟ.